ಇನ್ಸ್‌ಪೆಕ್ಟರನ ಮಳೆ

1998ರ ಫೆಬ್ರವರಿ 22, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಮಲ್ಲಂದೂರಿನ ಸುಬ್ಬಣ್ಣನ ತೋಟದ ಬೇಲಿಗೆ ತಾಗಿಕೊಂಡು ಬೊಂಬಾಯಿ ಸಿನಿಮಾದವರ ಗಾಡಿಗಳು ಬಂದು ನಿಂತವು. ಕೊನೆಯ ಎರಡು ನೀರಿನ ಟ್ಯಾಂಕರುಗಳು.

ಆ ಕಾಲವೇ ಹಾಗಿತ್ತು. ಪ್ರಾಮಾಣಿಕ ಇನ್ಸ್‌ಪೆಕ್ಟರನ ಹಿಂದಿ ಸಿನಿಮಾ ಚಿಕ್ಕಮಗಳೂರಿಗೆ ಬಂತೆಂದರೆ ಸುಬ್ಬಣ್ಣ ಮೊದಲ ವಾರವೇ ಬಸ್ಸು ಹತ್ತುತ್ತಿದ್ದ. ಭಾಷೆ ಅರ್ಧ ತಿಳಿಯುತ್ತಿರಲಿಲ್ಲ, ತಿಳಿಯಬೇಕಾದ ಜರೂರೂ ಇರಲಿಲ್ಲ. ಮಧ್ಯಂತರದೊಳಗೆ ಮಂತ್ರಿ ಇನ್ಸ್‌ಪೆಕ್ಟರನನ್ನು ಎತ್ತಂಗಡಿ ಮಾಡಿಸುತ್ತಾನೆ. ಆಮೇಲೆ ಅವನು ಬರಿಗೈಯಲ್ಲಿ ಲಾರಿ ನಿಲ್ಲಿಸುತ್ತಾನೆ. ಕೊನೆಗೆ ಖಳನ ಜೀಪು ಢಮಾರೆಂದು ಸಿಡಿಯುತ್ತದೆ, ಮುಂದಿನ ಬೆಂಚುಗಳಿಂದ ಶಿಳ್ಳೆ ಏಳುತ್ತದೆ. ಅಂಥದೊಂದು ಜೀಪು ತನ್ನ ತೋಟದ ಅಂಚಿನಲ್ಲೇ ಸಿಡಿಯಲಿದೆ ಎಂದು ತಿಳಿದ ಮೇಲೆ ಸುಬ್ಬಣ್ಣನ ಕಾಲು ನೆಲದ ಮೇಲಿರಲಿಲ್ಲ.

ಕೊನೆಯ ಹೊಡೆದಾಟಕ್ಕೆ ಮಳೆ ಬೇಕಿತ್ತು. ರೋಬಸ್ಟಾ ಕಾಫಿ ಗಿಡಗಳ ನಡುವೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಕಂಡು ನಿರ್ದೇಶಕ ಕುಣಿದಾಡಿದ್ದ. ಕುಣಿಯದವಳು ಸುಬ್ಬಣ್ಣನ ಹೆಂಡತಿ ವಸಂತಮ್ಮ.

"ಮಳೆ ಶುರು ಮಾಡಿದ್ರೆ ನಡುವೆ ಬಿಡೋ ಹಾಗಿಲ್ಲ. ಒಂದೂವರೆ ಇಂಚು ಬೀಳ್ಲೇಬೇಕು. ಅವ್ರಿಗೆ ಹೇಳಿ," ಎಂದಳು ಫೈಟ್ ಮಾಸ್ಟರ್ ದೇಜಪ್ಪನಿಗೆ. ಮಂಗಳೂರು ಕಡೆಯ ಆತನೇ ಎರಡೂ ಕಡೆಗೆ ದುಭಾಷಿ.

ರೋಬಸ್ಟಾ ಮೊಗ್ಗು ಬೇಸಿಗೆಯಲ್ಲಿ ನಿದ್ದೆಯಲ್ಲಿರುತ್ತದೆ. ಭರ್ತಿ ನೀರು ಬಿದ್ದರೆ ಎಂಟು ಹತ್ತು ದಿನಕ್ಕೆ ಅರಳುತ್ತದೆ. ಅರೆಬರೆ ಬಿದ್ದರೆ ಎಚ್ಚರವಾಗಿ, ಅರಳಲಾರದೆ ಕರಟಿಹೋಗುತ್ತದೆ. ಕಾಂಡ ಕೊರೆಯುವ ಬೋರರ್ ಹುಳ ಅರೇಬಿಕಾ ಗಿಡಗಳನ್ನು ತಿಂದು ಹಾಕಿದ ಮೇಲೆ ಮನೆ ನಿಂತಿದ್ದೇ ಈ ಅರ್ಧ ಎಕರೆ ರೋಬಸ್ಟಾದ ಮೇಲೆ. ತೋಟದ ಕೆರೆಯಲ್ಲಿದ್ದ ನೀರು ಒಂದೇ ಸುತ್ತಿಗೆ ಸಾಕಾಗುವಷ್ಟು.

ನಿರ್ದೇಶಕ ಓಕೆ ಓಕೆ ಎಂದ. ಆದರೆ ವಸಂತಮ್ಮ ಒಳಗೆ ಕಾಫಿ ಕಾಸುತ್ತಿದ್ದಾಗ, ಮಳೆ ಕ್ಯಾಮೆರಾಗೆ ಹೇಗೆ ಕಾಣುತ್ತದೆ ನೋಡೋಣವೆಂದು ರಸ್ತೆಯ ಮೇಲೆ ಗಂಟೆಯ ಹೊತ್ತು ಆ ಕೆರೆಯ ನೀರನ್ನೇ ಹಾರಿಸಿದ. ಪಕ್ಕದಲ್ಲೇ ಕುರ್ಚಿ ಕೊಟ್ಟಿದ್ದರು. ಸುಬ್ಬಣ್ಣ ಅದರಲ್ಲಿ ಕೂತು ಹೂಂಗುಟ್ಟಿದ.

ಮಧ್ಯಾಹ್ನ ಒಂದು ಗಂಟೆಗೆ ತೋಟದಲ್ಲಿ ಮಳೆ ಶುರುವಾಯಿತು. ಖಾಕಿ ತೊಟ್ಟ ನಾಯಕ ಹತ್ತು ಮಂದಿಯನ್ನು ಹೊಡೆದು ಮಲಗಿಸಿದ. ಮಳೆ ನಿಲ್ಲಿಸುವಂತಿಲ್ಲವಲ್ಲ, ಅವರನ್ನೇ ಎಬ್ಬಿಸಿ ಮತ್ತೆ ಹೊಡೆದ.

"ಅಮ್ಮಾ, ಆ ಕೆಂಪಂಗಿಯವ್ನು ಆಗ್ಲೇ ಸತ್ತಿದ್ನಲ್ಲ?" ಎಂದಳು ಕೆಲಸದ ಸಿದ್ದಮ್ಮ.

"ಚಳಿಗೆ ಎದ್ದಿರ್ಬೇಕು ಕಣೆ."

ಮೂರೂ ಮುಕ್ಕಾಲರ ಹೊತ್ತಿಗೆ ಪೈಪು ಗೊರಗೊರ ಎಂದು ಗಾಳಿ ಎಳೆಯಿತು. ನೀರಿನ ಕಮಾನು ತಲೆ ತಗ್ಗಿಸಿ, ತೊಟ್ಟಿಕ್ಕಿ, ನಿಂತಿತು. ವಸಂತಮ್ಮ ಗಿಡಗಳ ನಡುವೆ ಇಟ್ಟಿದ್ದ ಮಳೆ ಮಾಪಕ ನೋಡಿದಳು. ಇಂಚಿಗೆ ನೂರು ಸೆಂಟಿನ ಲೆಕ್ಕದಲ್ಲಿ ಒಂದು ಇಂಚು ಹನ್ನೆರಡು ಸೆಂಟು.

"ಉಳಿದ ನೀರೆಲ್ಲಿ ಹೋಯ್ತು?"

ಸುಬ್ಬಣ್ಣ ಒದ್ದೆ ರಸ್ತೆಯ ಕಡೆ ನೋಡಿದ. ಅವಳೂ ನೋಡಿದಳು.

"ಟಾರಲ್ಲಿ ಹೂ ಬಿಡುತ್ತೇನ್ರೀ?"

ಉಳಿದಿದ್ದುದು ಆ ಎರಡು ಟ್ಯಾಂಕರು. ಜೀಪಿಗೆ ಬೆಂಕಿ ಹಚ್ಚಿದ ಮೇಲೆ ಆರಿಸಲು ತಂದದ್ದು. ಅವು ಖಾಲಿಯಾದರೆ ಬೆಂಕಿ ಹಚ್ಚುವಂತಿಲ್ಲ. ಹೊಸ ಬಣ್ಣದ ಜೀಪು, ಹೊಟ್ಟೆ ತುಂಬ ವೈರು ತುರುಕಿಕೊಂಡು ತಯಾರಾಗಿತ್ತು. ಸುಬ್ಬಣ್ಣ ಅದನ್ನು ಒಮ್ಮೆ ಸುತ್ತಿ ಬಂದು ದೇಜಪ್ಪನ ಎದುರು ನಿಂತ.

"ಮಾಸ್ಟ್ರೇ, ಆ ನೀರು ನಮ್ಗೆ ಕೊಡ್ಸಿ."

"ಎಂತ ಮಾರಾಯ್ರೆ, ಬ್ಲಾಸ್ಟ್ ಯಾವಾಗ, ಬ್ಲಾಸ್ಟ್ ಯಾವಾಗ ಅಂತ ಬೆಳಗ್ಗಿಂದ ನನ್ನ ತಲೆ ತಿಂದದ್ದು ನೀವೇ ಅಲ್ವಾ?"

"ಹೌದು. ಆದ್ರೆ ಇಷ್ಟ್ ಮಳೇಲಿ ಜೀಪು ಹ್ಯಾಗ್ ಉರಿಯುತ್ತೆ?"

"ಸಿನಿಮಾದಲ್ಲಿ ಎಲ್ಲ ಉರಿತದೆ."

"ಅವ್ನು ಪ್ರಾಮಾಣಿಕ ಇನ್ಸ್‌ಪೆಕ್ಟರ್ ಅಲ್ವಾ? ಆರೋಪಿನ ಸುಟ್ಟಾಕಿದ್ರೆ ಇವ್ನಿಗೂ ಅವ್ನಿಗೂ ಏನು ವ್ಯತ್ಯಾಸ? ಬೇಡಿ ಹಾಕಿ ಮಳೇಲೇ ಎಳ್ಕೊಂಡು ಹೋಗ್ಲಿ. ನಾನು ಇಷ್ಟು ಸಿನಿಮಾ ನೋಡಿದೀನಿ, ಯಾರೂ ಹಾಗೆ ಮಾಡಿದ್ದಿಲ್ಲ."

ಹೇಳಿ ಅವನು ಜೀಪಿಗೆ ಬೆನ್ನು ಹಾಕಿ ನಿಂತ. ದೇಜಪ್ಪ ನಿರ್ದೇಶಕನ ಕಿವಿಯಲ್ಲಿ ಬಹಳ ಹೊತ್ತು ಮಾತಾಡಿದ. ನಿರ್ದೇಶಕ ಬೆಟ್ಟದತ್ತ ಇಳಿಯುತ್ತಿದ್ದ ಬಿಸಿಲು ನೋಡಿದ, ಜೀಪು ನೋಡಿದ, ಕೊನೆಗೆ ಆಗಲಿ ಎಂದು ಕೈ ಎತ್ತಿದ. ಟ್ಯಾಂಕರಿನ ಪೈಪು ಸ್ಪ್ರಿಂಕ್ಲರಿನ ಪಂಪಿಗೆ ಸೇರಿತು.

ದೀಪಾವಳಿಗೆ ಸಿನಿಮಾ ಚಿಕ್ಕಮಗಳೂರಿಗೆ ಬಂತು. ಆ ದಿನದ ಮಳೆಯೆಲ್ಲ ತೆರೆಯ ಮೇಲೆ ನಾಲ್ಕು ನಿಮಿಷ. ಜೀಪು ಸಿಡಿಯಲಿಲ್ಲವೆಂದು ಮುಂದಿನ ಬೆಂಚಿನವರು ಗೊಣಗಿದರು. ಸುಬ್ಬಣ್ಣ ಮೂರು ಸಲ ನೋಡಿ ಬಂದ. ಆ ನೀರು ಬಿದ್ದ ಒಂಬತ್ತನೆಯ ದಿನವೇ ಅರ್ಧ ಎಕರೆಯೂ ಬೆಳ್ಳಗೆ ಅರಳಿ, ಜೇನಿನ ಗುಂಯ್‌ಗುಟ್ಟುವಿಕೆ ಜಗಲಿಯವರೆಗೆ ಕೇಳಿಸಿತ್ತು. ಈಗಲೂ ಟೀವಿಯಲ್ಲಿ ಆ ಸಿನಿಮಾ ಬಂದರೆ ವಸಂತಮ್ಮ ಒಳಗಿಂದಲೇ ಕೂಗುತ್ತಾಳೆ, "ರೀ, ನಿಮ್ಮ ಮಳೆ ಬಂತು."

ಅಂದು ಸಂಜೆ ಮಾತ್ರ ಹೂವಿನ ಖಾತರಿ ಯಾರಿಗೂ ಇರಲಿಲ್ಲ. ಎರಡನೆಯ ಟ್ಯಾಂಕರೂ ಬರಿದಾಯಿತು. ಬೇಡಿ ಹಾಕಿಸಿಕೊಂಡ ಖಳನೂ, ನಡುಗುತ್ತಿದ್ದ ಇನ್ಸ್‌ಪೆಕ್ಟರನೂ ಒಂದೇ ಕಂಬಳಿ ಹೊದ್ದು ಕಾಫಿ ಕುಡಿಯುತ್ತಿದ್ದರು.

"ಒಂದೂವರೆ ಅಂತ ಹೇಳಿ ಮುಗಿಸಿ ಅಕ್ಕಾ," ಎಂದ ದೇಜಪ್ಪ.

ವಸಂತಮ್ಮ ಮಳೆ ಮಾಪಕದ ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರು ಅಲುಗುವುದು ನಿಲ್ಲುವವರೆಗೆ ಕಾದು, ಗಟ್ಟಿಯಾಗಿ ಓದಿದಳು. ಒಂದು ಇಂಚು ನಲವತ್ತೆಂಟು ಸೆಂಟು.