ಬೀಗರು ಕಥೆ ಓದಿದ್ದು

ನಮ್ಮ ಅಂಗಿ ಕಾರ್ಖಾನೆಯ ಗುಂಡಿ ಕೋಣೆಯಲ್ಲಿ ಬೆಳಿಗ್ಗೆ ಯಾರೂ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಪಾಯಿಖಾನೆಯ ಬಾಗಿಲಿಗೆ ಬೀಗ. ಬೀಗದ ಕೈ ಮೇಲ್ವಿಚಾರಕರ ಸೊಂಟದಲ್ಲಿ. ಊಟದ ಗಂಟೆ ಹೊಡೆಯುವ ತನಕ ಅದು ಅಲ್ಲಿಂದ ಅಲ್ಲಾಡುತ್ತಿರಲಿಲ್ಲ. ಹೆಂಗಸರು ಪದೇ ಪದೇ ಎದ್ದರೆ ಅಂಗಿಗಳು ಕಡಿಮೆಯಾಗುತ್ತವೆ ಎಂದು ಮಾಲೀಕರ ಅಪ್ಪಣೆ. ಮೇಲ್ವಿಚಾರಕರಿಗೆ ನಾವಿಟ್ಟ ಹೆಸರು ಬೀಗರು. ಬೀಗವೂ ಅವರದೇ, ಮದುವೆ ಮನೆಗೆ ಬಂದ ಬೀಗರ ಗತ್ತೂ ಅವರದೇ.

ಹೊಲಿದು ಬಂದ ಅಂಗಿಗೆ ಗುಂಡಿ ಹಾಕುವುದು, ಉಳಿದ ದಾರ ಕತ್ತರಿಸುವುದು ನಮ್ಮ ಕೆಲಸ. ಮೆಷಿನ್ನಿನ ಸದ್ದಿಲ್ಲ. ಅದಕ್ಕೇ ಓದು ಶುರುವಾಯಿತು. ಓದೋ ಅಕ್ಕ ರದ್ದಿ ಅಂಗಡಿಯಿಂದ ಒಂದು ಪುಸ್ತಕ ತಂದಿದ್ದಳು. ಅವಳು ಓದುತ್ತಿದ್ದಳು, ಅವಳ ಪಾಲಿನ ಗುಂಡಿ ನಾವು ಹಾಕುತ್ತಿದ್ದೆವು. ಕಥೆಯಲ್ಲಿ ಒಬ್ಬ ರಾಜ. ಊರ ಬಾವಿಗೆ ಬೀಗ ಜಡಿದು, ಅದರ ಕೈಯನ್ನು ಕೊರಳಿಗೆ ಕಟ್ಟಿಕೊಂಡವನು. ಕೊಡ ಹಿಡಿದ ಹೆಂಗಸರು ಅರಮನೆ ಬಾಗಿಲಿಗೆ ಬಂದು ನಿಂತಿದ್ದರು.

"ಅವ್ರಿಗೆ ನೀರು ಒಳಗೆ ಬರಲ್ಲ, ನಮ್ಗೆ ಹೊರಗೆ ಹೋಗಲ್ಲ," ಎಂದಳು ದಾರ ಕತ್ತರಿಸುವ ಬಸುರಿ. "ರಾಜ ಮಾತ್ರ ಒಬ್ಬನೇ."

"ನಗಿಸಬೇಡ್ವೇ, ತಡೆಯೋಕಾಗಲ್ಲ," ಎಂದು ಎಲ್ಲರೂ ಕಾಲು ಹೆಣೆದುಕೊಂಡು ನಕ್ಕೆವು. ಬಸುರಿಗೆ ನಗುವುದಿರಲಿ, ಕೆಮ್ಮಿದರೂ ಕಷ್ಟ. ಆವತ್ತೂ ಬೀಗದ ಕೈ ಕೇಳಿದ್ದಳು. "ಮನೇಲೇ ಮುಗಿಸ್ಕೊಂಡು ಬರ್ಬೇಕಮ್ಮ," ಎಂದಿದ್ದರು ಬೀಗರು.

ಅಷ್ಟರಲ್ಲಿ ಓದು ನಿಂತಿತು.

"ಮುಂದೆ?" ಎಂದೆ.

"ಮುಂದೆ ಇಲ್ಲ. ಕೊನೇ ಹಾಳೆಗಳು ಹರಿದುಹೋಗಿವೆ."

"ಇಷ್ಟು ದಿನ ಹೇಳ್ಲೇ ಇಲ್ವಲ್ಲಕ್ಕಾ?"

"ಹೇಳಿದ್ರೆ ನನ್ನ ಗುಂಡಿ ನೀವು ಹಾಕ್ತಿದ್ರಾ?"

ಅಲ್ಲಿಂದ ಕೋಣೆ ಸಂತೆಯಾಯಿತು. ಕೊಡವನ್ನು ರಾಜನ ತಲೆಗೆ ಬೋರಲು ಹಾಕಿದರು ಎಂದಳು ಕನ್ನಡಕದಜ್ಜಿ. ರಾಣಿಯೇ ಬೀಗದ ಕೈ ಕದ್ದು ಕೊಟ್ಟಳು ಎಂದೆ ನಾನು. "ರಾಜನಿಗೂ ಬಾಯಾರುತ್ತಲ್ಲ, ಬಾವಿಗೆ ಬರ್ಲೇಬೇಕು. ಅಲ್ಲೇ ಹಿಡ್ಕೊಳ್ಳೋದು," ಎಂದಳು ಬಸುರಿ. ಇದೇ ಜಗಳ ಮರುದಿನವೂ ನಡೆಯಿತು. ಬಾಗಿಲ ಹಿಂದೆ ಕಿವಿಯಿಟ್ಟಿದ್ದ ಬೀಗರು ಮಾಲೀಕರಿಗೆ ಸುದ್ದಿ ಮುಟ್ಟಿಸಿದರು.

ಮುಂದಿನ ವಾರ ಬೀಗರೇ ಒಂದು ಪುಸ್ತಕ ಹಿಡಿದು ಬಂದರು. ಅದೇ ಕಥೆ, ಹೊಸ ಪ್ರತಿ. ಮಾಲೀಕರು ಎಲ್ಲಿಂದಲೋ ತರಿಸಿದ್ದರಂತೆ.

"ಏನೇನೋ ಕಟ್ಕೊಂಡು ತಲೆ ಕೆಡಿಸ್ಕೋಬೇಡಿ. ನಿಜವಾದ ಕೊನೆ ಕೇಳಿ," ಎಂದು ಗಂಟಲು ಸರಿಮಾಡಿಕೊಂಡು ಓದಿದರು: "ಹೆಂಗಸರು ತಮ್ಮ ದುಡುಕಿಗೆ ನಾಚಿ ರಾಜನ ಪಾದಗಳಿಗೆರಗಿದರು. ಕರುಣಾಳುವಾದ ಅರಸನು ಅವರನ್ನು ಮನ್ನಿಸಿ ಮನೆಗೆ ಕಳುಹಿಸಿದನು. ಎಲ್ಲರೂ ಸುಖವಾಗಿದ್ದರು."

"ನೀರು ಸಿಕ್ತಾ ಸಾರ್?" ಎಂದಳು ಅಜ್ಜಿ.

ಬೀಗರು ಹಾಳೆ ತಿರುವಿದರು. ಹಿಂದಿನ ಹಾಳೆಯನ್ನೂ ನೋಡಿದರು. "ಅದು ಬರೆದಿಲ್ಲ."

"ನೀರಿಲ್ದೆ ಸುಖವಾಗಿದ್ರಂತಾ? ಪಾಪ, ಬರೆದೋರಿಗೆ ಯಾವತ್ತೂ ಬಾಯಾರಿಲ್ಲ ಬಿಡಿ."

ಮೊದಲು ಓದೋ ಅಕ್ಕ ನಕ್ಕಳು. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಗೊತ್ತಿಲ್ಲ. ನನ್ನ ಸೂಜಿ ಎಲ್ಲೋ ಬಿತ್ತು. ಬಸುರಿ ಹೊಟ್ಟೆ ಹಿಡಿದುಕೊಂಡು ಎದ್ದಳು.

"ಸಾರ್, ನಗಿಸ್ಬಿಟ್ರಿ. ಇನ್ನು ತಡೆಯೋಕಾಗಲ್ಲ. ಕೊಡಿ," ಎಂದು ಕೈ ಚಾಚಿದಳು.

"ಗಂಟೆ ಹೊಡೀಲಿ."

ಆಗ ಅಜ್ಜಿ ಚೀಲದಿಂದ ನೀರಿನ ಬಾಟಲಿ ತೆಗೆದು, ಬೀಗರನ್ನೇ ನೋಡುತ್ತ ಗಟಗಟ ಕುಡಿದಳು. ನಾನೂ ಕುಡಿದೆ. ಎಲ್ಲರೂ ಕುಡಿದರು. ಬೆಳಗಿನ ನೀರು ಅಷ್ಟು ತಣ್ಣಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಕುಡಿದವರೆಲ್ಲ ಹೋಗಿ ಬಸುರಿಯ ಹಿಂದೆ ನಿಂತೆವು.

"ಬಾಗಿಲು ತೆಗೀತೀರೋ, ಇಲ್ಲೇ ಕೂತ್ಕೊಳ್ಳೋಣ್ವೋ?" ಎಂದಳು ಅಜ್ಜಿ.

ನಮ್ಮ ಕಾಲಬುಡದಲ್ಲಿ ಬಿಳಿ ಅಂಗಿಗಳ ರಾಶಿಯಿತ್ತು. ಬೀಗರು ಅದನ್ನು ನೋಡಿದರು. ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು.

ಬಸುರಿ ಬೀಗದ ಕೈ ತೆಗೆದುಕೊಂಡು ಹೋಗಿ ಬಂದಳು. ಅದನ್ನು ವಾಪಸ್ ಪಡೆಯಲು ಬೀಗರು ಕೈ ಚಾಚಿಕೊಂಡೇ ನಿಂತಿದ್ದರು. ಅವಳು ಬೀಗದ ಕೈಗೆ ಗುಂಡಿಯ ದಾರ ಕಟ್ಟಿ, ಕೋಣೆಯ ಗೋಡೆಯ ಮೊಳೆಗೆ ನೇತುಹಾಕಿದಳು.

"ಈಗ ಓದಕ್ಕಾ, ಮುಂದೇನಾಯ್ತು?"

ಓದೋ ಅಕ್ಕ ತನ್ನ ಹರಿದ ಪುಸ್ತಕ ತೆರೆದು, ಇಲ್ಲದ ಹಾಳೆಯನ್ನು ಓದತೊಡಗಿದಳು: "ಅಷ್ಟರಲ್ಲಿ ಹೆಂಗಸರಿಗೆಲ್ಲ ನಗು ಬಂತು."