ಪಥ್ಯದ ಚೀಟಿ

ಇನ್ನೂರ ತೊಂಬತ್ತು. ಅದೂ ಬರಿಹೊಟ್ಟೆಯಲ್ಲಿ. ರಕ್ತದ ವರದಿಯನ್ನು ಮೇಜಿನ ಮೇಲೆ ಕುಕ್ಕಿದೆ. ಚೆರ್ಪುಳಶ್ಶೇರಿಯಲ್ಲಿ ಅಪ್ಪ ಕಟ್ಟಿದ ಈ ವೈದ್ಯಶಾಲೆಯಲ್ಲಿ ಕೂತು ಹನ್ನೊಂದು ವರ್ಷವಾಯಿತು, ಸಕ್ಕರೆ ಕಾಯಿಲೆಯವರ ಸುಳ್ಳು ನನಗೆ ಹೊಸದಲ್ಲ. ಆದರೆ ಅಚ್ಯುತ ಪಿಷಾರಡಿ ಮಾಷ್ ಶಾಲೆಯಲ್ಲಿ ನನಗೆ ಲೆಕ್ಕ ಕಲಿಸಿದ ಮೇಷ್ಟ್ರು. ಅವರೂ ಕದ್ದು ತಿನ್ನುತ್ತಾರೆಂದರೆ ಮೈಯೆಲ್ಲ ಉರಿಯಿತು. ಎಡಗಾಲಿನ ಹೆಬ್ಬೆರಳ ಹುಣ್ಣು ಕಪ್ಪಿಡುತ್ತಿತ್ತು. ಹೀಗೇ ಬಿಟ್ಟರೆ ಬೆರಳು ಉಳಿಯುವುದಿಲ್ಲ.

"ಮಾಷೇ, ನಿಜ ಹೇಳಿ. ಅಂಬಲದ ದೇವರ ಪಾಯಸ ಎಷ್ಟು ಲೋಟ ಇಳಿಸಿದ್ರಿ?"

"ಒಂದು ಹನಿ ಇಲ್ಲ ಮಗಳೇ."

"ಹಾಗಾದ್ರೆ ಸಕ್ಕರೆ ಆಕಾಶದಿಂದ ಉದುರ್ತಾ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಈ ಮನುಷ್ಯನ ಮುಖದಲ್ಲಿ ಅದರ ಸುಳಿವೂ ಇಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಜೊತೆಗೆ ಬಂದಿದ್ದ ಅವರ ಹೆಂಡತಿ ಮಾಧವಿಯಮ್ಮ ಸಿಡುಕಿದರು. "ಮೊಮ್ಮಗಳ ಹುಟ್ಟುಹಬ್ಬದಲ್ಲೂ ಎಲೆ ಮುಂದೆ ಕಲ್ಲಿನ ಹಾಗೆ ಕೂತಿದ್ರು. ಮೊಸರಿಲ್ಲ, ಹುಣಸೆ ಇಲ್ಲ, ಮಧ್ಯಾಹ್ನ ರೆಪ್ಪೆ ಮುಚ್ಚೋ ಹಾಗಿಲ್ಲ. ಕರ್ಕಾಟಕ ಮಾಸದ ಔಷಧಿ ಗಂಜೀನೂ ಬೆಲ್ಲ ಹಾಕದೆ ಕುಡಿದ್ರು. ಇವರ ಪಥ್ಯ ಮಾಡಿ ಮಾಡಿ ನಾನು ಸೊರಗಿದೀನಿ, ನೀನು ಇವರನ್ನೇ ಕಳ್ಳ ಅಂತೀಯಾ?"

ನಾನು ಬಿಡಲಿಲ್ಲ. ಕಷಾಯ? ಎರಡು ಹೊತ್ತೂ ತಪ್ಪಿಲ್ಲ. ನಡಿಗೆ? ಹುಣ್ಣಾಗುವವರೆಗೂ ಇತ್ತು.

"ಆಸ್ಪತ್ರೆ ಡಾಕ್ಟರ ಮಾತ್ರೆ?"

ದಡ್ಡ ಪ್ರಶ್ನೆ ಕೇಳಿದ ಹುಡುಗಿಯನ್ನು ನೋಡುವಂತೆ ಮಾಷ್ ನನ್ನನ್ನು ನೋಡಿದರು. "ಅದನ್ನ ನಾಲ್ಕು ತಿಂಗಳ ಹಿಂದೆಯೇ ಬಿಟ್ಟೆನಲ್ಲ."

"ಬಿಡಿ ಅಂತ ಯಾವ ಬುದ್ಧಿವಂತ ಹೇಳಿದ್ದು?"

ಅವರು ಅಂಗಿಯ ಜೇಬಿನಿಂದ ಮಡಿಸಿದ ಚೀಟಿ ತೆಗೆದರು. ಅಪ್ಪನ ಕಾಲದಲ್ಲಿ ಅಚ್ಚು ಹಾಕಿಸಿದ ಪಥ್ಯದ ಚೀಟಿ. ಪ್ರತಿ ಕಷಾಯದ ಬಾಟಲಿಯ ಜೊತೆಗೂ ಸಹಿ ಹಾಕಿ ಕೊಡುತ್ತೇನೆ, ಓದುವುದಿಲ್ಲ.

"ಏಳನೇ ಸಾಲು ಓದು," ಎಂದರು, ತರಗತಿಯಲ್ಲಿ ಹೇಳುತ್ತಿದ್ದ ಹಾಗೆಯೇ.

ಓದಿದೆ. 'ಈ ಔಷಧ ಸೇವಿಸುವಾಗ ಬೇರೆ ಯಾವ ಔಷಧವನ್ನೂ ಮುಟ್ಟಕೂಡದು.' ಕೆಳಗೆ ನನ್ನ ಸಹಿ.

ಆಟೋ ಕರೆಸಿ ನಾನೇ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಗೇಟಿನ ಹತ್ತಿರ ಮಾಷ್ ಮೆಲ್ಲಗೆ ಕೇಳಿದರು. "ಇಲ್ಲಿ ಮಾತ್ರೆ ಕೊಟ್ರೆ ನುಂಗಬಹುದಾ ಮಗಳೇ? ಪಥ್ಯ ಮುರಿದ ಹಾಗಾಗಲ್ವಾ?"

"ನುಂಗಿ ಮಾಷೇ," ಎಂದೆ.

ಈ ಎರಡು ಮಾತನ್ನು ನಾಲ್ಕು ತಿಂಗಳ ಹಿಂದೆ ಹೇಳಲು ನನಗೇನು ಧಾಡಿ ಬಂದಿತ್ತು?