ನೀರುಕಾಗೆ ಮುಳುಗಿದಲ್ಲಿ

ಕಪ್ಪು ಕುತ್ತಿಗೆ ಮುಳುಗಿತು, ಮುಳುಗಿದಲ್ಲಿ ನೀರ ಮೇಲೊಂದು ಬಳೆ ಎದ್ದು ಅಗಲವಾಗುತ್ತ ಹೋಯಿತು, ಒಂದು, ಎರಡು, ಮೂರು, ನೀರುಕಾಗೆ ಮುಳುಗಿದರೆ ಎಣಿಸಬೇಕು, ಐದರೊಳಗೆ ಎದ್ದರೆ ನಡುಮಟ್ಟದ ನೀರು, ಹನ್ನೆರಡು ದಾಟಿದರೆ ಎರಡಾಳು ಆಳದ ಮಡು, ಇದು ಹರಗೋಲಿನ ಮಾನಪ್ಪನಿಗೆ ಅವನ ಅಪ್ಪ ಹೇಳಿಕೊಟ್ಟದ್ದು, ಅಪ್ಪನಿಗೆ ಅವನಪ್ಪ, ಏಳು, ಎಂಟು, ಸಂಕ್ರಾಂತಿಯ ಮರುದಿನ ಲಕ್ವಾ ಹೊಡೆದು ಬಲಗೈ ಬಲಗಾಲು ಹೋದವು, ನಾಲಿಗೆಯೂ ಹೋಯಿತು, ಎಣಿಕೆ ಹೋಗಿಲ್ಲ, ಒಳಗೆ ನೆಟ್ಟಗೇ ನಡೆದಿದೆ, ಹತ್ತು, ಹನ್ನೊಂದು, ನಿನ್ನೆಯ ತನಕ ಮನೆಯೊಳಗೆ ಸೂರು ನೋಡುತ್ತ ಬಿದ್ದಿದ್ದವನನ್ನು ಇವತ್ತು ಬೆಳಿಗ್ಗೆ ಹೊರಸಿನ ಸಮೇತ ಹೊತ್ತು ತಂದು ಭೀಮೆಯ ದಂಡೆಗೆ ಇಟ್ಟಿದ್ದಾರೆ, ಬೆನ್ನಿಗೆ ಕೌದಿಯ ಸುರುಳಿ ಕೊಟ್ಟು ಕೂರಿಸಿದ್ದಾರೆ, ಮಗಳು ಹೊಳೆ ದಾಟಿ ಬರುವುದನ್ನು ನೋಡಲಿ ಅಂತ, ಹದಿನಾಲ್ಕು, ಹದಿನೈದು— ಎದ್ದಿತು. ಕೊಕ್ಕಿನಲ್ಲಿ ಬೆಳ್ಳಿಯ ಚೂರು, ಮೀನು, ತಲೆ ಕೊಡವಿ ನುಂಗಿತು. ಮುಳುಗಿದ್ದು ಎಲ್ಲಿ? ಇನ್ನೊಮ್ಮೆ ನೋಡಿದ. ಈ ದಂಡೆಯಿಂದ ಒಂದು, ಎರಡು, ಮೂರು, ನಾಲ್ಕು ಗಳ, ನಾಲ್ಕಕ್ಕೂ ಐದಕ್ಕೂ ನಡುವೆ. ಬಿದಿರಿನ ಗಳ ಇರುವುದು ಹೊಳೆಯನ್ನು ನಡೆದು ದಾಟುವ ಕಾಲುದಾರಿ ತೋರಿಸಲಿಕ್ಕೆ. ಕಾಲುದಾರಿಯಲ್ಲಿ ಹದಿನೈದು ಎಣಿಸುವಷ್ಟು ನೀರು ಇರಬಾರದು.

ತಪ್ಪಾಗಿ ಎಣಿಸಿರಬಹುದು, ಕಾಯಿಲೆಯ ತಲೆ, ಇನ್ನೊಮ್ಮೆ ಮುಳುಗಲಿ, ಮುಳುಗು— ಮುಳುಗಿತು. ಬೇರೆ ಹಕ್ಕಿಗಳು ಎಲ್ಲಿವೆ? ಹೋದ ವರ್ಷ ಈ ಹೊತ್ತಿಗೆ ಕೊಕ್ಕರೆಗಳು ಅಲ್ಲೇ, ನಾಲ್ಕನೆಯ ಗಳದ ಮಗ್ಗುಲಲ್ಲೇ ಮೊಣಕಾಲು ಮುಳುಗಿಸಿ ಸಾಲಾಗಿ ನಿಂತಿದ್ದವು, ಈ ಸಲ ಒಂದೂ ಇಲ್ಲ, ಎಲ್ಲವೂ ಮೇಲಕ್ಕೆ, ಮೂವತ್ತು ಮಾರು ಮೇಲಕ್ಕೆ, ಬಂಡೆಯ ಹತ್ತಿರ ನಿಂತಿವೆ, ಬೆಳ್ಳಕ್ಕಿಯೂ ಅಲ್ಲೇ, ಕೆಂಪುಗಾಲಿನ ಸಣ್ಣ ಹಕ್ಕಿಯೂ ಅಲ್ಲೇ, ದಾರಿ ಮೇಲಕ್ಕೆ ಸರಿದಿದೆ, ಭಾದ್ರಪದದ ಮಹಾಪೂರ ಇಲ್ಲಿ ತಳವನ್ನು ಕೊರೆದು, ಹೊತ್ತು ತಂದ ಉಸುಕನ್ನು ಮೇಲೆ ಬಂಡೆಯ ಹತ್ತಿರ ಹಾಕಿದೆ, ಹೊಳೆ ಪ್ರತಿ ವರ್ಷ ಹಾಸಿಗೆ ಬದಲಿಸುತ್ತದೆ, ಅದಕ್ಕೇ ಮೂರು ದಿನ ಕೂರಬೇಕು. ಮಾಘ ಮುಗಿಯುವ ಮೊದಲು, ಬೇವು ಎಲೆ ಉದುರಿಸುವಾಗ, ಬಾತುಗಳು ಇನ್ನೂ ಬಡಗಲಿಗೆ ಹಾರಿ ಹೋಗಿರದ ದಿನಗಳಲ್ಲಿ ಮೂರು ದಿನ ಬೆಳಗಿನ ಜಾವದಿಂದ ದಂಡೆಯಲ್ಲಿ ಕೂತು, ನೀರಿಗೆ ಇಳಿಯದೆ, ಯಾವ ಹಕ್ಕಿ ಎಲ್ಲಿ ನಿಂತಿತು ಯಾವುದು ಎಲ್ಲಿ ಮುಳುಗಿತು ನೋಡಬೇಕು, ನಾಲ್ಕನೆಯ ದಿನ ಏಳು ಗಳ ನೆಟ್ಟು, ತಲೆಯ ಕೆಂಪು ರುಮಾಲು ಹರಿದು ಏಳಕ್ಕೂ ಕಟ್ಟಬೇಕು. ಆ ದಂಡೆಯವರು ಗಳ ನೋಡುವುದಿಲ್ಲ, ರುಮಾಲಿನ ಚೂರು ನೋಡುತ್ತಾರೆ, ಮಾನಪ್ಪ ನೋಡ್ಯಾನ, ಇನ್ನ ಇಳೀರಿ ಅನ್ನುತ್ತಾರೆ. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಎದ್ದಿತು.

ಅಂಬ್ರಪ್ಪ ಕೂರಲಿಲ್ಲ. ಅವನಿಗೆ ಕೂರುವುದು ಗೊತ್ತಿಲ್ಲ, ನಾಲ್ಕು ವರ್ಷ ರೈಲ್ವೆ ಹಳಿಯ ಮೇಲೆ ಕಲ್ಲು ತುಂಬಿದವನು, ಅಪ್ಪ ಬಿದ್ದ ಅಂತ ಸುದ್ದಿ ಹೋದ ಮೇಲೆ ಓಡಿ ಬಂದ, ಒಳ್ಳೆಯ ಮಗ, ದಿನಾ ಬೆಳಿಗ್ಗೆ ಎತ್ತಿ ಕೂರಿಸುತ್ತಾನೆ, ಮೈ ಒರೆಸುತ್ತಾನೆ, ಮೊನ್ನೆ ಹೊರಸಿನ ಪಕ್ಕ ಕೂತು, ಯಪ್ಪಾ, ಮಂದಿ ಕೇಳಾಕತ್ತಾರ, ಹೋದ ವರ್ಷದ ಗುರ್ತಿಗೇ ಗಳ ಹಾಕ್ತೀನಿ, ಊರಿಗೆ ಬಂದಾಗ ನೀ ಹಾಕಿದ್ದು ನೋಡೀನಿ, ನನಗ ನೆಪ್ಪೈತಿ, ಅಂದ, ಗೂಟದ ಮೇಲಿಂದ ರುಮಾಲು ತೆಗೆದು ಅಪ್ಪನ ಎಡಗೈಗೆ ಮುಟ್ಟಿಸಿ, ಎದುರಿಗೇ ಚರ್ ಚರ್ ಹರಿದ, ಏಳು ಚೂರು. ಮಾನಪ್ಪ ಅತ್ತ. ಬ್ಯಾಡ, ಹೊಳಿ ಸರದಾಳ, ಮೂರು ದಿನ ಕುಂದ್ರು, ಅನ್ನುವುದನ್ನು ಅನ್ನಲಾರದೆ ಅತ್ತ. ಅಂಬ್ರಪ್ಪ ಅಪ್ಪನ ಕಣ್ಣೊರೆಸಿ ಹೆಂಡತಿಗೆ, ನೋಡ್ ಬಾಲಮ್ಮ, ಯಪ್ಪಗ ಎಷ್ಟು ಹಿಗ್ಗಾಗೈತಿ, ಅಂದ. ನಿನ್ನೆ ಸಂಜೆ ಹರಗೋಲಿನಲ್ಲಿ ಕೂತು ಗಳ ಊರಿದನಂತೆ, ನೀರಿಗೆ ಕಾಲಿಡಲಿಲ್ಲವಂತೆ, ಇಡುವ ಹಾಗೂ ಇಲ್ಲ, ಮೊದಲ ಹೆಜ್ಜೆ ಈ ಮನೆಯ ಹೆಣ್ಣುಮಗಳದ್ದು, ಉಡಿಯಲ್ಲಿ ಜೋಳ ಕಟ್ಟಿಕೊಂಡು ಆ ದಂಡೆಯಿಂದ ಇಳಿದು ನಡುಹೊಳೆಯಲ್ಲಿ ಭೀಮವ್ವಗೆ ಒಂದು ಹಿಡಿ ಹಾಕಿ ಬಂದ ಮೇಲೆಯೇ ಗಂಡಸರು, ಗಾಡಿ, ದನ. ನಾಲ್ಕಕ್ಕೂ ಐದಕ್ಕೂ ನಡುವೆ ತಳದಲ್ಲಿ ಬಿದ್ದ ಸೀಳು ಹರಗೋಲಿನ ಅಗಲಕ್ಕಿಂತ ಹೆಚ್ಚಿರಲಿಕ್ಕಿಲ್ಲ, ಮೇಲೆ ತೇಲುತ್ತ ಹೋದವನಿಗೆ ಅದು ಹೇಗೆ ತಿಳಿಯಬೇಕು, ಗಳ ಊರಿದಲ್ಲೆಲ್ಲ ನೆಲ ಸಿಕ್ಕಿರುತ್ತದೆ. ಊರದೆ ಬಿಟ್ಟಲ್ಲಿ ಏನಿದೆ ಅಂತ ನೀರುಕಾಗೆಗೆ ಗೊತ್ತು, ಮಾನಪ್ಪನಿಗೆ ಗೊತ್ತು.

ಬೂ, ಅಂದ. ಬಾಯಿಂದ ಬರುವುದು ಅದೊಂದೇ. ಬಾಲಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಪಾಪದ ಹುಡುಗಿ, ತಿಂಗಳೊಪ್ಪತ್ತಿನಲ್ಲಿ ಮಾವನ ಬೂ ಎಲ್ಲ ಲೆಕ್ಕ ಹಾಕಿ ಇಟ್ಟಿದ್ದಾಳೆ, ಒಂದು ಬೂ ಅಂದರೆ ನೀರು, ಎರಡು ಬೂ ಅಂದರೆ ಉಚ್ಚೆ, ಉದ್ದಕ್ಕೆ ಎಳೆದರೆ ಬಿಸಿಲು ಇಲ್ಲವೆ ಸೆಕೆ. ಚರಿಗೆ ತುಟಿಗೆ ಇಟ್ಟಳು, ಕುಡೀರಿ ಮಾವ. ಎಡಗೈಯಿಂದ ಚರಿಗೆ ತಳ್ಳಿದ, ನೀರು ಎದೆಯ ಮೇಲೆಲ್ಲ ಚೆಲ್ಲಿತು, ಎಡಗೈ ಹೊಳೆಯ ಕಡೆಗೆ ಚಾಚಿದ, ಕೈ ನೇರ ನಿಲ್ಲುವುದಿಲ್ಲ, ನಾಲ್ಕನೆಯ ಗಳ ತೋರಿಸಲು ಹೋದರೆ ಎರಡನೆಯದಕ್ಕೂ ಏಳನೆಯದಕ್ಕೂ ನಡುವೆ ಓಲಾಡುತ್ತದೆ. ಮೈನುದ್ದೀನ ಬೇವಿನ ಬುಡದಿಂದ ಎದ್ದು ಬಂದ, ಟಪಾಲಿನ ಚೀಲ ಶಹಾಪುರಕ್ಕೆ ಒಯ್ಯುವವನು, ದಾರಿ ತೆರೆಯಲಿ ಅಂತ ಮುಂಜಾನೆಯಿಂದ ಕಾದು ಕೂತಿದ್ದಾನೆ, ಬಿಡವ್ವಾ ಬಾಲಮ್ಮ, ಕಾಕಾ ಹಕ್ಕಿ ನೋಡಾಕತ್ತಾನ, ಆ ಕರಿ ಹಕ್ಕಿ, ಅಂದ. ಮಾನಪ್ಪ ಅವನ ಕಡೆಗೆ ಕತ್ತು ಹೊರಳಿಸಿದ, ಹೌದು, ಅದೇ, ಹೌದು ಮೈನುದ್ದೀನ, ನೀನೇ, ಮೂರು ವರ್ಷದ ಹಿಂದೆ ಹೈದರಾಬಾದಿನಿಂದ ದುರ್ಬೀನು ಹಿಡಿದು ಬಂದ ಸಾಹೇಬರನ್ನು ಇದೇ ಹರಗೋಲಿಗೆ ತಂದು ಹತ್ತಿಸಿದವನು ನೀನೇ. ಸಾಹೇಬರು ಗುಂಡು ಹಾರಸಂಗಿಲ್ಲ ಕಾಕಾ, ಬರೇ ನೋಡಿ ಬರಕೋತಾರ, ಬರದ್ರ ಹೊಟ್ಟಿ ತುಂಬತೈತೇನು ನೀನೇ ಹೇಳು, ಅಂತ ನಕ್ಕವನೂ ನೀನೇ. ಸಾಹೇಬರು ಹಕ್ಕಿಯ ಹೆಸರು ಕೇಳಿದರು, ಮಾನಪ್ಪ ನೀರಿನ ಆಳ ಹೇಳಿದ, ಅವರು ನಗಲಿಲ್ಲ, ಅದನ್ನೂ ಬರೆದುಕೊಂಡರು, ದುರ್ಬೀನು ಅವನ ಕಣ್ಣಿಗೂ ಇಟ್ಟರು, ನೀರುಕಾಗೆಯ ಕಣ್ಣು ಹಸಿರು ಅನ್ನುವುದು ಆವತ್ತು ಗೊತ್ತಾಯಿತು, ಐವತ್ತು ವರ್ಷ ಎಣಿಸಿದ ಹಕ್ಕಿ, ಕಣ್ಣು ಹೊಸ ಗಾಜಿನ ಬಳೆಯಷ್ಟು ಹಸಿರು. ಆ ದಿನ ಆಳದ ಮಾತು ನೀನೂ ಕೇಳಿದ್ದೀ ಮೈನುದ್ದೀನ, ನೆನಪು ಮಾಡಿಕೋ, ನೋಡು ಅದು ಎಲ್ಲಿ ಮುಳುಗುತ್ತದೆ. ಬೂ, ಅಂದ. ಮೈನುದ್ದೀನ ಬಗ್ಗಿ, ಅದರ ಬಾಯಾಗಿನ ಮೀನ ನೋಡಿದಿ ಹೌದಿಲ್ಲೋ ಕಾಕಾ, ಆಸಿ ಆಗೈತಿ, ಏ ಅಂಬ್ರಪ್ಪ, ನಿಮ್ಮಪ್ಪಗ ಮೀನ ಬೇಕಂತೋ, ಅಂತ ಕೂಗಿದ. ಅಂಬ್ರಪ್ಪ ನೀರಿನ ಅಂಚಿನಿಂದ ತಿರುಗಿ, ತಂಗಿ ಬರಲಿ, ಇವತ್ತ ಸಾರು ಮಾಡಸ್ತೀನಿ, ಅಂದ. ಎಲ್ಲರೂ ನಕ್ಕರು. ಹಕ್ಕಿ ಮುಳುಗಿತು.

ತಂಗಿ ಬರಲಿ, ಬೇಡ, ಬರದಿರಲಿ, ವನದುರ್ಗದಿಂದ ಹೊರಟೇ ಇರದಿರಲಿ, ಗಂಡ ತಡೆದಿರಲಿ, ಕಾಲಿಗೆ ಮುಳ್ಳು ಚುಚ್ಚಿರಲಿ— ಏಳು ತಿಂಗಳ ಬಸುರಿ, ಮೊದಲ ಹೆರಿಗೆಗೆ ತವರಿಗೆ ಬರುವವಳು, ಹೊಟ್ಟೆ ಇರದಿದ್ದರೆ ಈಜಿಯಾಳು, ಮೊಸಳೆಯ ಹಾಗೆ ಈಜುತ್ತಿದ್ದಳು ಮರಿಲಿಂಗಮ್ಮ, ಆದರೆ ಆ ಹೊಟ್ಟೆ, ಆ ಸೀರೆ, ಉಡಿಯ ತುಂಬ ಜೋಳ, ಸೀಳಿನಲ್ಲಿ ನೀರು ಸುಮ್ಮನೆ ನಿಲ್ಲುವುದಿಲ್ಲ, ಕೆಳಗೆ ಎಳೆಯುತ್ತದೆ. ಅವಳಿಗೂ ಹಕ್ಕಿ ಓದಲು ಬರುತ್ತದೆ, ಅವಳೊಬ್ಬಳಿಗೇ ಬರುತ್ತದೆ, ಎಂಟು ವರ್ಷದವಳಿದ್ದಾಗ ಮೂರು ದಿನ ಅಪ್ಪನ ಜೊತೆ ಕೂತಳು, ನೀರುಕಾಗೆ ಮುಳುಗಿದರೆ ತಾನೂ ಉಸಿರು ಹಿಡಿಯುವಳು, ಕೆನ್ನೆ ಉಬ್ಬಿಸಿ, ಮುಖ ಕೆಂಪಾಗಿ, ಯಪ್ಪಾ ಅದು ಏಳಲೇ ಇಲ್ಲ, ಸತ್ತಹೋತು, ಅಂತ ಅಳುವಳು. ಹುಚ್ಚಿ, ಅದರ ಉಸಿರು ಬ್ಯಾರೆ ನಿನ್ನ ಉಸಿರು ಬ್ಯಾರೆ, ಮುಳುಗಿದಲ್ಲೇ ನೋಡಬ್ಯಾಡ, ನೀರು ಹರಿಯೋ ಕಡಿಗೆ ನೋಡು, ಕೆಳಗೆಲ್ಲೋ ಎದ್ದಿರತೈತಿ, ಅಂದಿದ್ದ. ಹಾಗಾದರೆ ಅವಳು ನೋಡುತ್ತಾಳೆ, ಇಳಿಯುವ ಮೊದಲು ನಿಂತು ಹಕ್ಕಿ ನೋಡುತ್ತಾಳೆ, ನೋಡಿದರೆ ತಿಳಿಯುತ್ತದೆ, ಅಷ್ಟೇ ಸಾಕು— ಇಲ್ಲ. ರುಮಾಲು ಇದೆ. ಅಪ್ಪನ ರುಮಾಲು ಕಟ್ಟಿದ ಗಳದ ಮುಂದೆ ನಿಂತು ಅವಳೇಕೆ ಹಕ್ಕಿ ನೋಡಬೇಕು, ಅಪ್ಪ ಮೂರು ದಿನ ಕೂತಿದ್ದಾನೆ ಅಂತಲೇ ಅಲ್ಲವೆ ರುಮಾಲಿನ ಅರ್ಥ. ಅಪ್ಪನಿಗೆ ಲಕ್ವಾ ಅಂತ ಅವಳಿಗೆ ಗೊತ್ತಿಲ್ಲ, ಬಸುರಿ ಹೆದರ್ಯಾಳು ಅಂತ ಅಂಬ್ರಪ್ಪ, ಜ್ವರ ಬಂದಾವ ಅಷ್ಟ, ಅಂತ ಹೇಳಿ ಕಳಿಸಿದ್ದಾನೆ. ಎಲ್ಲರೂ ಒಳ್ಳೆಯದೇ ಮಾಡಿದ್ದಾರೆ. ಹರಗೋಲನ್ನೂ ಬೆಳಿಗ್ಗೆಯೇ ಮೇಲಕ್ಕೆ ಎಳೆದು ಕವುಚಿ ಹಾಕಿ, ಹಳೆಯ ಚರ್ಮ ಬಿಚ್ಚಿ ಒಣಗಲು ಹರವಿದ್ದಾರೆ, ಗಳ ನೆಟ್ಟ ಮರುದಿನ ಅದೇ ಪದ್ಧತಿ, ಅವನೇ ಹಾಕಿದ ಪದ್ಧತಿ, ಈಗ ಅದು ಬರೀ ಬಿದಿರಿನ ಬುಟ್ಟಿ.

ಬಂದ್ಲು, ಬಂದ್ಲು ನೋಡ್ರಿ, ಅಂದಳು ಬಾಲಮ್ಮ. ಆ ದಂಡೆಯಲ್ಲಿ ಹಳದಿ ಸೀರೆ, ತಲೆಯ ಮೇಲೆ ಬುಟ್ಟಿ, ಹಿಂದೆ ಇಬ್ಬರು ಹೆಂಗಸರು. ಮಾನಪ್ಪ ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ, ಬೂ ಅಲ್ಲ, ನಿಲ್ಲು ಅಂತ ಕೂಗಿದ, ಮರೀ ನಿಲ್ಲು, ಹೊರಗೆ ಬಂದದ್ದು ಉದ್ದನೆಯ ಒಂದು ಬೂ, ಎಳೆದು ಎಳೆದು, ಜೊಲ್ಲಿನ ಜೊತೆ, ಎಡಗಾಲು ಝಾಡಿಸಿದ, ಹೊರಸು ಕಿರುಗುಟ್ಟಿತು. ಅಯ್ಯ, ಬಿಸಲ ಹತ್ತಾಕತ್ತೈತಿ ಮಾವಗ, ಅಂದಳು ಬಾಲಮ್ಮ, ಹಣೆ ಮುಟ್ಟಿ ನೋಡಿದಳು, ಸುಡ್ತೈತಿ, ಮೈನುದ್ದೀನಣ್ಣ, ಆ ಕಡಿ ಹಿಡಿ, ಮುಖ ನೆಳ್ಳಿಗೆ ತಿರುವೂಣು. ಬೇಡ, ಬೇಡ, ತಲೆ ಆಡಿಸಿದ, ತಲೆ ಹೌದು ಅನ್ನುವಂತೆಯೂ ಆಡುತ್ತದೆ ಇಲ್ಲ ಅನ್ನುವಂತೆಯೂ ಆಡುತ್ತದೆ, ಹೊರಸು ಎದ್ದಿತು, ಹೊಳೆ ಓರೆಯಾಯಿತು, ಗಳ ಓರೆಯಾದವು, ಕಪ್ಪು ಕುತ್ತಿಗೆ, ಬೇವು, ಗುಡಿಸಲಿನ ಗೋಡೆ. ಗೋಡೆ. ಸೆಗಣಿ ಬಳಿದ ಗೋಡೆಯ ಮೇಲೆ ಬೆರಳಿನ ಗುರುತು. ಈಗ ತಂಪಾತಲ್ರೀ ಮಾವ, ನಿಮ್ಮ ಮಗಳು ಇಲ್ಲಿಗೇ ಬಂದು ಕಾಲು ಬೀಳ್ತಾಳ, ಅಂತ ಬಾಲಮ್ಮ ಬಾಯಿ ಒರೆಸಿ, ನೀರಿನ ಅಂಚಿಗೆ ಓಡಿದಳು. ಮೈನುದ್ದೀನನೂ ಚೀಲ ಹೆಗಲಿಗೇರಿಸಿ ಹೋದ.

ಬೆನ್ನ ಹಿಂದೆ ಹೊಳೆ. ನೀರಿನ ಮೇಲೆ ಧ್ವನಿ ಚೆನ್ನಾಗಿ ಬರುತ್ತದೆ, ಯಪ್ಪಾ, ಬಂದೆ ನೋಡೋ, ಅಂತ ಕೂಗುತ್ತಾಳೆ, ಎಂಟು ವರ್ಷದ ದನಿಯೇ, ನಿನ್ನ ರುಮಾಲು ಕಾಣತೈತಿ, ಅನ್ನುತ್ತಾಳೆ. ಸಾವಕಾಶ ತಂಗೀ, ಗಳದ ಗುಂಟ ಬಾ, ಅನ್ನುತ್ತಾನೆ ಅಂಬ್ರಪ್ಪ. ಏಳು ದಾಟಿದ್ಲು, ಅನ್ನುತ್ತಾಳೆ ಬಾಲಮ್ಮ. ರೆಕ್ಕೆ ನೀರಿಗೆ ಬಡಿದ ಸದ್ದು, ಪಟ ಪಟ ಪಟ, ಉದ್ದಕ್ಕೆ, ಭಾರದ ಹಕ್ಕಿ, ಓಡಿ ಓಡಿ ಮೇಲೇಳುತ್ತದೆ, ನೀರುಕಾಗೆಯೇ, ಮನುಷ್ಯರು ಹತ್ತಿರ ಬಂದರೆ ಹಾರಿ ಹೋಗುತ್ತದೆ, ಇನ್ನು ಅಲ್ಲಿ ಗುರುತೂ ಇಲ್ಲ, ಬರೀ ನೀರು. ಆರು, ಅನ್ನುತ್ತಾಳೆ ಬಾಲಮ್ಮ. ಗಳದ ಮಗ್ಗುಲಲ್ಲಿ ಒಂದು ಕೊಕ್ಕರೆಯೂ ಇಲ್ಲ ಅಂತ ಅವಳು ನೋಡಬಹುದಿತ್ತು, ಮೇಲೆ ಬಂಡೆಯ ಹತ್ತಿರ ಕೊಕ್ಕರೆ ನಿಂತದ್ದನ್ನು ನೋಡಬಹುದಿತ್ತು, ಕತ್ತು ತಿರುಗಿಸಿದರೆ ಸಾಕಿತ್ತು, ಬುಟ್ಟಿ ಹೊತ್ತ ಕತ್ತು ತಿರುಗುವುದಿಲ್ಲ. ಐದು, ಜ್ವಾಳ ಹಾಕವ್ವಾ, ಇಲ್ಲೇ ಭೀಮವ್ವಗ ಹಾಕು, ಅನ್ನುತ್ತಾನೆ ಅಂಬ್ರಪ್ಪ. ನಗು. ಕಾಳು ನೀರಿಗೆ ಬಿದ್ದ ಸದ್ದು ಇಲ್ಲಿಯವರೆಗೆ ಬರುವುದಿಲ್ಲ. ಆಮೇಲೆ ಯಾರೂ ನಾಲ್ಕು ಅನ್ನಲಿಲ್ಲ. ಬಾಲಮ್ಮ ಯವ್ವಾ ಅಂದಳು, ಸಣ್ಣಗೆ, ರೊಟ್ಟಿ ಹೊತ್ತಿದಾಗ ಅನ್ನುವಷ್ಟೇ ಸಣ್ಣಗೆ, ಆಮೇಲೆ ದೊಡ್ಡದಾಗಿ. ಅಂಬ್ರಪ್ಪ ನೀರಿಗೆ ಬಿದ್ದು ಓಡುವ ಸದ್ದು, ಇಲ್ಲೇ ಇದ್ಲೋ, ಇಲ್ಲೇ, ನಾಕನೇ ಗಳದ ಹತ್ರ ನೋಡೋ, ಅಂತ ಮೈನುದ್ದೀನ ಅರಚುವುದು, ಆ ದಂಡೆಯ ಹೆಂಗಸರು ಬಾಯಿ ಬಡಿದುಕೊಳ್ಳುವುದು. ಒಂದು, ಎರಡು, ಮೂರು. ಮುಳುಗಿದಲ್ಲಿ ನೋಡಬ್ಯಾಡ್ರೋ. ನಾಲ್ಕು, ಐದು. ನೀರು ಹರಿಯೋ ಕಡಿಗೆ ನೋಡ್ರಿ, ಕೆಳಗೆ, ದಂಡೆಯ ಹುಣಸೆಯ ಬೇರಿನ ಹತ್ತಿರ, ಅಲ್ಲಿ ಏಳತಾಳ, ಅಲ್ಲಿ ಒಬ್ಬ ನಿಲ್ರಿ. ಬೂ, ಅಂದ ಗೋಡೆಗೆ. ಬೂ. ಬೂವಿನ ಲೆಕ್ಕ ಬಲ್ಲ ಬಾಲಮ್ಮ ಹೊಳೆಯ ಅಂಚಿನಲ್ಲಿದ್ದಾಳೆ. ಎಂಟು, ಒಂಬತ್ತು, ನೀರೊಳಗೆ ಮರಿಲಿಂಗಮ್ಮ ಕೆನ್ನೆ ಉಬ್ಬಿಸಿ, ಮುಖ ಕೆಂಪಾಗಿ, ಉಸಿರು ಹಿಡಿದಿದ್ದಾಳೆ, ಹತ್ತು, ಅವನೂ ಹಿಡಿದಿದ್ದಾನೆ, ಹನ್ನೊಂದು, ಹನ್ನೆರಡು, ಬೆರಳಿನ ಗುರುತಿನ ಗೋಡೆ, ಕಪ್ಪು ಕುತ್ತಿಗೆ ಮುಳುಗುತ್ತದೆ, ನೀರ ಮೇಲೊಂದು ಬಳೆ ಎದ್ದು ಅಗಲವಾಗುತ್ತದೆ, ಹದಿನಾರು, ಹದಿನೇಳು, ಅಗಲವಾಗುತ್ತದೆ, ಇನ್ನೂ ಅಗಲವಾಗುತ್ತದೆ, ಬಳೆ